ಒಂದು ದಪ್ಪ, ಒಂದು ತೆಳು

ಮಲೆಗಳಲ್ಲಿ ಮದುಮಗಳು ಕೊನೆಗೂ ಮುಗಿಯಿತು. ಶುರುವಿನಲ್ಲಿ ಹೆಸರುಗಳೇ ತಲೆ ತಿಂದವು. ಯಾವ ಹೆಗ್ಗಡೆ ಯಾವ ಮನೆಯವರು, ಯಾರ ಆಳು ಯಾರು ಅಂತ ಹಿಂದಿನ ಪುಟ ತಿರುಗಿಸುತ್ತಲೇ ಇದ್ದೆ. ಆಮೇಲೆ ಆ ಚಿಂತೆ ಬಿಟ್ಟೆ. 'ಇಲ್ಲಿ ಯಾರೂ ಮುಖ್ಯರಲ್ಲ, ಯಾರೂ ಅಮುಖ್ಯರಲ್ಲ' ಅಂತ ಕುವೆಂಪು ಮೊದಲೇ ಹೇಳಿಬಿಟ್ಟಿದ್ದಾರಲ್ವಾ. 1967ರ ಪುಸ್ತಕ. ಐತ-ಪೀಂಚಲು ಜೋಡಿ ಇವತ್ತಿನ ಯಾವ ಪ್ರೇಮಕಥೆಗೂ ಕಡಿಮೆ ಇಲ್ಲ. ನನಗೆ ಮಾತ್ರ ಎಲ್ಲರಿಗಿಂತ ಜಾಸ್ತಿ ಹಚ್ಚಿಕೊಂಡಿದ್ದು ಗುತ್ತಿಯ ನಾಯಿ ಹುಲಿಯ. ತುಂಗೆಯ ನೆರೆಯಲ್ಲಿ ಅದಕ್ಕೇನಾಯಿತು ಅಂತ ಹೇಳುವುದಿಲ್ಲ, ಓದದವರು ಇರ್ತಾರೆ. ಅಷ್ಟೊಂದು ಮದುವೆ, ಸಾವು, ಜಗಳ ದಾಟಿ ಬಂದವಳು ಒಂದು ನಾಯಿಗಾಗಿ ಅತ್ತೆ.

ಅದಾದ ಮೇಲೆ ರುಚಿ ಬದಲಾಗಲಿ ಅಂತ ವಿವೇಕ ಶಾನಭಾಗರ ಘಾಚರ್ ಘೋಚರ್ ಹಿಡಿದೆ. ಒಂದೇ ಸಂಜೆಗೆ ಮುಗಿಯುವಷ್ಟು ಸಣ್ಣದು. ಬೆಂಗಳೂರಿನ ಒಂದು ಮನೆ, ಮಸಾಲೆ ವ್ಯಾಪಾರದಿಂದ ಬಂದ ದುಡ್ಡು, ಹಳೇ ಮನೆಯ ಇರುವೆಗಳು. ಚಿಕ್ಕಪ್ಪನನ್ನು ಹುಡುಕಿಕೊಂಡು ಬಂದ ಹೆಂಗಸನ್ನು ಬಾಗಿಲಿಂದಲೇ ಓಡಿಸುವ ಜಾಗದಲ್ಲಿ ಪುಸ್ತಕ ಮುಚ್ಚಿಟ್ಟು ಸ್ವಲ್ಪ ಓಡಾಡಿದೆ. ಕಥೆ ಹೇಳುವವನು ಎಷ್ಟು ಮೆತ್ತಗಿನ ಮನುಷ್ಯ! ಭಯ ಆಗೋದು ಅದಕ್ಕೇ. ಏನೂ ಮಾಡದೆ ಸುಮ್ನೆ ಕೂತಿರುವವರ ಮೇಲೆ ಈಗ ಅನುಮಾನ ಶುರುವಾಗಿದೆ, ನನ್ನನ್ನೂ ಸೇರಿಸಿ.

ಮುಂದಿನದು ಚಿತ್ತಾಲರ ಶಿಕಾರಿ. ಮುಂಬೈ, ಕಂಪನಿಯೊಳಗಿನ ಪಿತೂರಿ. ಆಫೀಸಿನಲ್ಲಿ ಅಪ್ರೈಸಲ್ ನಡೀತಿರುವಾಗ ಓದಬಹುದಾ, ಓದಿದವರು ಹೇಳಿ.