ಮಳೆಗಾಲ ತಡೆಯೋ ಬ್ಯಾಟರಿ

ಜೂನ್ 22, 2025, ಭಾನುವಾರ
ಸಾಗರ ತಾಲ್ಲೂಕು

ಇವತ್ತಿನಿಂದ ಆರಿದ್ರಾ ಮಳೆ. ಬೆಳಗಿನಿಂದ ಬಿಟ್ಟೇ ಇಲ್ಲ. ಕರೆಂಟ್ ಹೋಗಿದ್ದು ಶುಕ್ರವಾರ ರಾತ್ರಿ, ಇನ್ನೂ ಬಂದಿಲ್ಲ. ಎಲ್ಲೋ ಮರ ಬಿದ್ದಿರಬೇಕು. ನಮ್ಮೂರಿಗೆ ತಂತಿ ಬರೋದೇ ಕಾಡಿನ ಮಧ್ಯೆ. ಇದು ಪ್ರತಿ ವರ್ಷದ್ದು. ಈ ಸಲ ಕೈಕೊಟ್ಟಿದ್ದು ಮನೆಯ ಸೋಲಾರ್ ಬ್ಯಾಟರಿ. ಮೊದಲೆಲ್ಲ ಒಂದು ರಾತ್ರಿಯನ್ನು ಆರಾಮಾಗಿ ದಾಟಿಸುತ್ತಿತ್ತು. ಶುಕ್ರವಾರ ಮುಕ್ಕಾಲು ಗಂಟೆಗೇ ಇನ್ವರ್ಟರ್ ಕುಂಯ್ ಅಂತ ಕೂಗಿ ನಿಂತುಹೋಯಿತು.

ನಿನ್ನೆ ಬೆಳಿಗ್ಗೆ ಆಸಿಡ್‌ನ ಸಾಂದ್ರತೆ ಅಳೆಯೋ ಹೈಡ್ರೋಮೀಟರ್ ಹಿಡಿದು ಕೂತೆ. 12 ವೋಲ್ಟಿನ ಎರಡು ಟ್ಯೂಬುಲರ್ ಬ್ಯಾಟರಿ, ಅಂದರೆ ಸೀಸ, ಆಸಿಡ್‌ನವು, ತಲಾ 150 ಎಎಚ್ (ಆಂಪಿಯರ್ ಅವರ್), ಆರು ವರ್ಷ ಹಳೆಯವು. ಒಂದೊಂದರಲ್ಲಿ ಆರಾರು ಸೆಲ್. ಒಂದೊಂದೇ ಮುಚ್ಚಳ ತೆಗೆದು ಆಸಿಡ್ ಎಳೆದು ನೋಡಿದೆ. ಪೂರ್ತಿ ಚಾರ್ಜ್ ಆಗಿದ್ದರೆ 1.240ರ ಹತ್ತಿರ ಇರಬೇಕು. ಹೆಚ್ಚಿನವು 1.160ರ ಆಸುಪಾಸು ಇದ್ದವು. ಚಾರ್ಜ್ ಇಳಿದಿದೆ, ಸರಿ. ಆದರೆ ಎರಡನೇ ಬ್ಯಾಟರಿಯ ನಾಲ್ಕನೇ ಸೆಲ್‌ನಲ್ಲಿ ಒಳಗಿನ ತೇಲುಕಡ್ಡಿ ಮೇಲೇಳಲೇ ಇಲ್ಲ, ತಳಕ್ಕೆ ಕೂತುಬಿಟ್ಟಿತು. ಐದು ಸೆಲ್ ಒಂದು ರೀತಿ, ಇದೊಂದೇ ಬೇರೆ ರೀತಿ ಅಂದರೆ ಆ ಸೆಲ್ ಸತ್ತಿದೆ ಅಂತಲೇ ಅರ್ಥ.

ನನಗೆ ನಿಜಕ್ಕೂ ಬೇಜಾರಾಯಿತು. ಡಿಸ್ಟಿಲ್ಡ್ ವಾಟರ್ ಹಾಕೋದನ್ನು ಒಮ್ಮೆಯೂ ಮರೆತಿಲ್ಲ. ಟರ್ಮಿನಲ್ ಉಜ್ಜಿ ವ್ಯಾಸಲೀನ್ ಸವರಿದ್ದೇನೆ. ಆಸಿಡ್ ಹನಿ ಬಿದ್ದು ಎರಡು ಸೀರೆಯ ಅಂಚು ತೂತಾಗಿದೆ. ಇಷ್ಟೆಲ್ಲ ಮಾಡಿದರೂ ಹೋಯಿತಲ್ಲ ಅಂತ ಯೋಚನೆ ಮಾಡಿದರೆ, ಕಾರಣ ಕಣ್ಣೆದುರೇ ಸುರಿಯುತ್ತಿತ್ತು. ಸೀಸದ ಬ್ಯಾಟರಿಗೆ ಆಗಾಗ ಹೊಟ್ಟೆ ತುಂಬಲೇಬೇಕು. ಅರೆಹೊಟ್ಟೆಯಲ್ಲಿ ದಿನಗಟ್ಟಲೆ ಬಿಟ್ಟರೆ ಒಳಗಿನ ಪ್ಲೇಟಿನ ಮೇಲೆ ಸಲ್ಫೇಟ್ ಹರಳುಗಟ್ಟಿ ಗಟ್ಟಿಯಾಗುತ್ತದೆ. ಆಮೇಲೆ ಎಷ್ಟು ಚಾರ್ಜ್ ಕೊಟ್ಟರೂ ಅದು ಕರಗೋದಿಲ್ಲ. ನಮ್ಮಲ್ಲಿ ಜೂನ್‌ನಿಂದ ಆಗಸ್ಟ್‌ವರೆಗೆ ಅದರ ಹೊಟ್ಟೆ ತುಂಬೋದು ಯಾವತ್ತು? ನಮ್ಮ ಚಾವಣಿಯ ಒಂದು ಕಿಲೋವಾಟ್ ಪ್ಯಾನೆಲ್ ಬೇಸಿಗೆಯಲ್ಲಿ ದಿನಕ್ಕೆ ನಾಲ್ಕು ಯೂನಿಟ್ ಕೊಡುತ್ತದೆ. ಇಂಥ ಮಳೆಯಲ್ಲಿ ಮುಕ್ಕಾಲು ಯೂನಿಟ್ ಬಂದರೆ ದೊಡ್ಡದು.

ಹಾಗಾಗಿ ಈ ಸಲ ಬೇಸಿಗೆಯ ಲೆಕ್ಕ ಬಿಟ್ಟು ಮಳೆಗಾಲದ ಲೆಕ್ಕ ಹಾಕೋಣ ಅಂತ ಕ್ಯಾಲೆಂಡರಿನ ಹಳೇ ಹಾಳೆ ತಿರುಗಿಸಿ ಬರೆದೆ. ಒಂಬತ್ತು ವ್ಯಾಟಿನ ಆರು ಬಲ್ಬು ಐದು ಗಂಟೆ ಉರಿದರೆ 270 ವ್ಯಾಟ್ ಅವರ್. ಇಂಟರ್ನೆಟ್ಟಿನ ಪೆಟ್ಟಿಗೆ ಹಗಲೂ ರಾತ್ರಿ 240. ಮಗಳು ಮನೆಯಿಂದಲೇ ಕೆಲಸ ಮಾಡುತ್ತಾಳೆ, ಅವಳ ಲ್ಯಾಪ್‌ಟಾಪ್ 400. ಅತ್ತೆಯ ಕೋಣೆಯ ಫ್ಯಾನು 240. ಮೊಬೈಲುಗಳಿಗೆ 50. ಫ್ರಿಜ್ ಒಂದಕ್ಕೇ 900. ಅತ್ತೆಯ ಇನ್ಸುಲಿನ್ ಇರೋದು ಅದರಲ್ಲೇ, ಹಾಗಾಗಿ ಅದನ್ನು ಬಿಡೋ ಮಾತೇ ಇಲ್ಲ. ಎಲ್ಲ ಕೂಡಿದರೆ 2,100 ವ್ಯಾಟ್ ಅವರ್, ಅಂದರೆ ಎರಡು ಯೂನಿಟ್ ಚಿಲ್ಲರೆ. ಇನ್ವರ್ಟರ್ ತಿನ್ನೋದನ್ನೂ ಸೇರಿಸಿದರೆ ಎರಡೂವರೆಗೆ ಹತ್ತಿರ. ಮಿಕ್ಸಿ, ಬಾವಿ ಪಂಪು ಇದರಲ್ಲಿಲ್ಲ. ಪಂಪು ಶುರುವಾಗುವಾಗ ಒಮ್ಮೆಲೇ ಎಳೆಯೋ ಕರೆಂಟ್ ನಮ್ಮ ಇನ್ವರ್ಟರಿಗೆ ತಡೆಯೋಲ್ಲ.

ರಾತ್ರಿ ಬೆಂಗಳೂರಿಂದ ಭಾವ ಫೋನ್ ಮಾಡಿದ್ದರು. "ಸುಮ್ನೆ ಪಿಎಂ ಸೂರ್ಯಘರ್‌ಗೆ ಹಾಕಿ ತಂಗಿ, ಮೂರು ಕಿಲೋವಾಟಿಗೆ 78,000 ಸಬ್ಸಿಡಿ ಇದೆ" ಅಂದರು. ಸಬ್ಸಿಡಿ ಇರೋದು ನಿಜ. ಆದರೆ ಅದು ಲೈನಿಗೆ ಜೋಡಿಸುವ ಸೋಲಾರ್. ಬರೀ ಆನ್‌ಗ್ರಿಡ್ ಇನ್ವರ್ಟರ್ ಆದರೆ ಲೈನಿನಲ್ಲಿ ಕರೆಂಟ್ ಹೋದ ತಕ್ಷಣ ತಾನೂ ನಿಲ್ಲುತ್ತದೆ. ಕಂಬದ ಮೇಲೆ ರಿಪೇರಿ ಮಾಡುವ ಲೈನ್‌ಮ್ಯಾನ್‌ಗೆ ನಮ್ಮ ಮನೆಯ ಕರೆಂಟ್ ಹೊಡೆಯಬಾರದಲ್ವಾ, ಅದಕ್ಕೇ ಹಾಗೆ ಮಾಡಿರುತ್ತಾರೆ. "ಹೌದಾ? ಹಾಗಾದರೆ ಕರೆಂಟ್ ಹೋದಾಗ ನಮ್ಮದೂ ಇರಲ್ವಾ?" ಅಂತ ಭಾವನೇ ಕೇಳಿದರು. ಚಾವಣಿ ತುಂಬ ಪ್ಯಾನೆಲ್ ಹಾಕಿ ಒಂದು ವರ್ಷವಾಗಿದೆ ಅವರದ್ದು. ಬಿಲ್ ಉಳಿಸೋಕೆ ಅದು ಒಳ್ಳೆಯದೇ. ಗೃಹಜ್ಯೋತಿ ಬಂದ ಮೇಲೆ ನಮ್ಮ ಬಿಲ್ ಸೊನ್ನೆ. ನಮಗೆ ದಾಟಬೇಕಾಗಿರೋದು ಕತ್ತಲೆ.

ನಿನ್ನೆ ಮಧ್ಯಾಹ್ನ ಪೇಟೆಯಲ್ಲಿ ಮೂರು ಅಂಗಡಿ ಸುತ್ತಿದೆ. ಮೊದಲನೆಯವರು "ಅಕ್ಕ, ಇದೇ 150 ಎಎಚ್, ನಿಮ್ಮ ಹಳೇದರ ಥರಾನೇ" ಅಂತ ಒಂದನ್ನು ತೋರಿಸಿದರು. ಬಗ್ಗಿ ಲೇಬಲ್ ನೋಡಿದರೆ ಸಿ20 ಅಂತಿತ್ತು. ಸೋಲಾರ್ ಬ್ಯಾಟರಿಯ ಮೇಲೆ ಸಿ10 ಅಂತಿರುತ್ತದೆ. ಸಿ10 ಅಂದರೆ 15 ಆಂಪಿಯರ್‌ನಂತೆ ಹತ್ತು ಗಂಟೆ ಕೊಡುತ್ತದೆ. ಸಿ20 ಅಂದರೆ ಏಳೂವರೆ ಆಂಪಿಯರ್‌ನಂತೆ ಇಪ್ಪತ್ತು ಗಂಟೆ. ಅದನ್ನೇ ಬೇಗ ಎಳೆದರೆ ಪೂರ್ತಿ 150 ಸಿಗೋದಿಲ್ಲ. ಒಂದೇ ನಂಬರ್ ಇದ್ದರೂ ಮಾಲು ಒಂದೇ ಅಲ್ಲ. ಬ್ಯಾಟರಿ ಕೊಳ್ಳುವವರು ಈ ಸಣ್ಣ ಅಕ್ಷರವನ್ನು ದಯವಿಟ್ಟು ಓದಿ.

ಮೂರನೇ ಅಂಗಡಿಯಲ್ಲಿ ಲಿಥಿಯಂ ಇತ್ತು. ಲಿಥಿಯಂ ಐರನ್ ಫಾಸ್ಫೇಟ್, ಎಲ್‌ಎಫ್‌ಪಿ ಅಂತಾರೆ. ಮೊಬೈಲಿನ ಲಿಥಿಯಂಗಿಂತ ಇದು ಬಿಸಿ ತಡೆಯುತ್ತದೆ, ಬೆಂಕಿಯ ಭಯ ಕಡಿಮೆ. 3.2 ವೋಲ್ಟಿನ ಎಂಟು ಸೆಲ್ ಸೇರಿ 25.6 ವೋಲ್ಟ್, 100 ಎಎಚ್. ಗುಣಿಸಿದರೆ 2.56 ಯೂನಿಟ್, ಅದರಲ್ಲಿ ನೂರಕ್ಕೆ ತೊಂಬತ್ತರಷ್ಟು ಬಳಸಬಹುದು. ನಮ್ಮ ಎರಡು ಟ್ಯೂಬುಲರ್ ಹೊಸದಾಗಿದ್ದಾಗ 3.6 ಯೂನಿಟ್ ಇತ್ತು. ಆದರೆ ಬಾಳಿಕೆ ಬರಬೇಕಾದರೆ ಅರ್ಧ ಮಾತ್ರ ಬಳಸಬೇಕು, ಕೈಗೆ ಸಿಗೋದು 1.8. ಪೆಟ್ಟಿಗೆ ದೊಡ್ಡದು, ಊಟ ಸಣ್ಣದು.

ಅದಕ್ಕಿಂತ ನನಗೆ ಮುಖ್ಯವಾಗಿದ್ದು ಬೇರೆ. ಅರೆಹೊಟ್ಟೆಯಲ್ಲಿ ವಾರಗಟ್ಟಲೆ ಇದ್ದರೂ ಎಲ್‌ಎಫ್‌ಪಿಗೆ ಏನೂ ಆಗೋದಿಲ್ಲ. ಅದಕ್ಕೆ ಸಲ್ಫೇಟಿನ ಕಾಟವಿಲ್ಲ. ಮತ್ತೆ, ತುಂಬಿಸಿದ್ದರಲ್ಲಿ ಸೀಸದ ಬ್ಯಾಟರಿ ಹೆಚ್ಚುಕಡಿಮೆ ಐದನೇ ಒಂದು ಪಾಲು ತಾನೇ ನುಂಗುತ್ತದೆ. ಇದು ನುಂಗೋದು ಇಪ್ಪತ್ತನೇ ಒಂದು ಪಾಲು. ಮುಕ್ಕಾಲು ಯೂನಿಟ್ ಬರುವ ದಿನ ಆ ವ್ಯತ್ಯಾಸದಲ್ಲಿ ರಾತ್ರಿ ಒಂದಿಷ್ಟು ಹೊತ್ತು ದೀಪ ಉರಿಯುತ್ತದೆ.

ತೊಡಕೂ ಇದೆ. ರೇಟು ಎರಡು ಹೊಸ ಟ್ಯೂಬುಲರ್‌ಗಿಂತ ಸುಮಾರು ಒಂದೂವರೆ ಪಟ್ಟು. ನಮ್ಮ ಹಳೇ ಇನ್ವರ್ಟರಿನಲ್ಲಿ ಲಿಥಿಯಂ ಸೆಟ್ಟಿಂಗ್ ಇಲ್ಲ. ಎಂಟು ಸೆಲ್ಲಿಗೆ 29.2 ವೋಲ್ಟ್ ಮೇಲ್ಮಿತಿ. ಹಳೇ ಇನ್ವರ್ಟರ್ ಇದನ್ನು ಟ್ಯೂಬುಲರ್ ಅಂದುಕೊಂಡು ಆ ಮಿತಿಯನ್ನೂ ದಾಟಿಸಬಹುದು. ಹಾಗಾದರೆ ಬ್ಯಾಟರಿಯ ಒಳಗಿರುವ ಬಿಎಂಎಸ್, ಅಂದರೆ ಅದನ್ನು ಕಾಯೋ ಸರ್ಕ್ಯೂಟ್, ಕಟ್ ಮಾಡುತ್ತದೆ. ಅಂದರೆ ಇನ್ವರ್ಟರನ್ನೂ ಬದಲಿಸಬೇಕು. ಇವರು ತೋಟದಿಂದ ಬಂದವರು ಕಂಬಳಿಕೊಪ್ಪೆ ತೆಗೆಯುತ್ತಾ ಎಲ್ಲ ಕೇಳಿಸಿಕೊಂಡರು. "ಅಡಿಕೆ ಮರ ಹತ್ತೋ ಕೊನೆಗೌಡರಿಗೆ ಕೊಡೋ ದುಡ್ಡು ಎತ್ತಿಟ್ಟು ಉಳಿದಿದ್ದರಲ್ಲಿ ಆಗುತ್ತಾ ನೋಡು" ಅಂದರು. ಪಾಸ್‌ಬುಕ್ ನೋಡಿದೆ. ಆಗುತ್ತದೆ, ಸ್ವಲ್ಪ ಬಿಗಿ.

ಇವತ್ತು ಅಂಗಡಿಯವರಿಗೆ ಫೋನ್ ಮಾಡಿ 100 ಎಎಚ್ ಎಲ್‌ಎಫ್‌ಪಿ, ಲಿಥಿಯಂ ಸೆಟ್ಟಿಂಗ್ ಇರುವ ಇನ್ವರ್ಟರ್ ಎರಡಕ್ಕೂ ಹೇಳಿದೆ. ಕರೆಂಟ್ ಬಂದಾಗ ಲೈನಿನಿಂದಲೂ ಚಾರ್ಜ್ ಆಗಬೇಕು ಅಂದೆ. ಗ್ಯಾರಂಟಿ ಎಷ್ಟು ವರ್ಷ, ಎಷ್ಟು ಸೈಕಲ್ (ತುಂಬಿ ಖಾಲಿಯಾಗೋ ಸುತ್ತು) ಅಂತ ಬಿಲ್ಲಿನ ಮೇಲೇ ಬರೆದು ಕೊಡಿ ಅಂದೆ. ಚಾರ್ಜ್ ಶೇಕಡಾ ಎಷ್ಟಿದೆ ಅಂತ ತೋರಿಸುವ ಡಿಸ್‌ಪ್ಲೇ ಬೇಕೇ ಬೇಕು ಅಂದೆ. ಯಾಕಂದರೆ ಎಲ್‌ಎಫ್‌ಪಿಯ ವೋಲ್ಟೇಜ್ ಕೊನೆಯವರೆಗೂ ಹೆಚ್ಚುಕಡಿಮೆ ಒಂದೇ ಇರುತ್ತದೆ, ಖಾಲಿಯಾಗೋದು ಗೊತ್ತೇ ಆಗೋಲ್ಲ.

ಹಳೇ ಬ್ಯಾಟರಿಗಳನ್ನು ಅವರೇ ಒಯ್ಯುತ್ತಾರೆ. ಗುಜರಿಯವನು ಹತ್ತಿರ ಹತ್ತಿರ ಅಷ್ಟೇ ದುಡ್ಡು ಕೊಡುತ್ತಿದ್ದ. ಆದರೆ ಅವನು ಆಸಿಡ್ ಎಲ್ಲಿ ಚೆಲ್ಲುತ್ತಾನೆ ಅಂತ ಗೊತ್ತಿದ್ದೂ ಕೊಡೋಕೆ ಮನಸ್ಸಾಗಲಿಲ್ಲ. ತೋಟದ ಕೆಳಗೇ ಹಳ್ಳ ಹರಿಯುತ್ತದೆ. ಅದರ ನೀರನ್ನೇ ದನಗಳು ಕುಡಿಯೋದು.

ಗುರುವಾರ ಬಂದು ಕೂರಿಸುತ್ತಾರಂತೆ. ಅಲ್ಲಿವರೆಗೆ ಅತ್ತೆಯ ಇನ್ಸುಲಿನ್ ಬಾಟಲಿಗಳನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟು, ಹೊಸ ಮಣ್ಣಿನ ಮಡಕೆಯೊಳಗೆ ಇಳಿಸಿದ್ದೇನೆ. ಸುತ್ತ ಒದ್ದೆ ಬಟ್ಟೆ ಕಟ್ಟಿದೆ. ಈಗಷ್ಟೇ ಎದ್ದು ಹೋಗಿ ಬಟ್ಟೆಗೆ ಇನ್ನೊಮ್ಮೆ ನೀರು ಚಿಮುಕಿಸಿ ಬಂದೆ.