ಸಾಕು ಅನ್ನುವವರು ಯಾರೂ ಇರಲಿಲ್ಲ

ವಿಲ್ಬರ್ ಮಿಲ್ಸ್ ಬಗ್ಗೆ ಓದಿ ನಿನ್ನೆಯಿಂದ ಮನಸ್ಸು ಸರಿ ಇಲ್ಲ. ಅಮೆರಿಕದ ಅರ್ಕಾನ್ಸಾಸ್‌ನ ಜನಪ್ರತಿನಿಧಿ. ಸಂಸತ್ತಿನ ತೆರಿಗೆ ಸಮಿತಿಗೆ ವರ್ಷಗಟ್ಟಲೆ ಅಧ್ಯಕ್ಷ, ಅವರನ್ನು ಬಿಟ್ಟು ತೆರಿಗೆ ಕಾನೂನು ಮುಂದೆ ಹೋಗುವುದೇ ಕಷ್ಟ ಅನ್ನುವಷ್ಟು ಹಿಡಿತ. 1974ರ ಅಕ್ಟೋಬರ್‌ನಲ್ಲಿ ನಡುರಾತ್ರಿ ವಾಷಿಂಗ್ಟನ್‌ನಲ್ಲಿ ಪೊಲೀಸರು ಒಂದು ಕಾರು ನಿಲ್ಲಿಸುತ್ತಾರೆ, ಒಳಗೆ ಇವರು, ಕುಡಿದಿದ್ದಾರೆ, ಮುಖದ ಮೇಲೆ ಗಾಯ, ಜೊತೆಗಿದ್ದ ನರ್ತಕಿ ಇಳಿದು ಓಡಿ ಪಕ್ಕದ ನೀರಿಗೆ ಹಾರುತ್ತಾಳೆ. ಮರು ತಿಂಗಳ ಚುನಾವಣೆಯಲ್ಲಿ ಜನ ಮತ್ತೆ ಗೆಲ್ಲಿಸಿದರು! ಆದರೆ ಕುಡಿತ ಬಿಡಲಿಲ್ಲ. ಡಿಸೆಂಬರ್‌ನಲ್ಲಿ ಸಮಿತಿಯ ಅಧ್ಯಕ್ಷ ಸ್ಥಾನ ಹೋಯಿತು. 1976ರಲ್ಲಿ ಸ್ಪರ್ಧಿಸಲೇ ಇಲ್ಲ.

ನನ್ನನ್ನು ಕಾಡುವುದು ಆ ರಾತ್ರಿಯಲ್ಲ, ಅದಕ್ಕೆ ಮೊದಲಿನ ವರ್ಷಗಳು. ನಮ್ಮ ಮಂಗಳೂರು ಕಡೆ ನೋಡಿ, ದೊಡ್ಡವರು ಪಾರ್ಟಿಗೆ ಬಂದರೆ ಗ್ಲಾಸ್ ಖಾಲಿಯಾಗಲು ಬಿಡುವುದಿಲ್ಲ. "ಸಾಕು ಮಾರಾಯ್ರೆ, ಮನೆಗೆ ಹೋಗಿ" ಅನ್ನಲು ಯಾರಿಗೂ ಧೈರ್ಯ ಇಲ್ಲ. ಕೆಲಸ ಆಗಬೇಕಲ್ವಾ.

ಇಲ್ಲಿ ಜನಜಾಗೃತಿ ವೇದಿಕೆಯ ಮದ್ಯವರ್ಜನ ಶಿಬಿರಗಳು ಊರೂರಲ್ಲಿ ನಡೆಯುತ್ತವೆ. ಕೂಲಿ ಮಾಡುವವರು, ಡ್ರೈವರ್‌ಗಳು ಎಂಟು ದಿನ ಕೆಲಸ ಬಿಟ್ಟು ಬಂದು ಕೂರುತ್ತಾರೆ, ಮನೆಯವರ ಎದುರು ಕಣ್ಣೀರು ಹಾಕುತ್ತಾರೆ. ಅವರ ಬಗ್ಗೆ ನನಗೆ ತುಂಬಾ ಗೌರವ. ಕುರ್ಚಿಯಲ್ಲಿರುವವರಿಗೆ ಹಾಗೆ ಬಂದು ಕೂರುವುದು ಎಷ್ಟು ಕಷ್ಟವೋ.

ಮಿಲ್ಸ್ ಕೂತರು. ನಾನು ಕುಡಿತದ ರೋಗಿ ಅಂತ ಎಲ್ಲರ ಎದುರೂ ಹೇಳಿ, ಚಿಕಿತ್ಸೆ ಪಡೆದು, ಆಮೇಲೆ ಕುಡಿತಕ್ಕೆ ಸಿಕ್ಕ ಬೇರೆಯವರಿಗಾಗಿ ಓಡಾಡಿದರು. 1992ರಲ್ಲಿ ತೀರಿಕೊಂಡರು. ಈ ಭಾಗವನ್ನು ಯಾರೂ ಜಾಸ್ತಿ ಹೇಳುವುದಿಲ್ಲ, ಅದೇ ಬೇಜಾರು.