ಅಲ್ಯೂಮಿನಿಯಂ 13: ಆಕ್ಸಿಜನ್‌ಗೆ ಜಗ್ಗದ ಕ್ಲಸ್ಟರ್

ಹೀಲಿಯಂ ಹರಿವಿನಲ್ಲಿಟ್ಟ ಅಲ್ಯೂಮಿನಿಯಂ ಸರಳಿಗೆ ಲೇಸರ್ ಪಲ್ಸ್ ಹೊಡೆದರೆ ಲೋಹದ ಆವಿ ಏಳುತ್ತದೆ, ತಣಿಯುತ್ತಾ ನಾನಾ ಗಾತ್ರದ ಕ್ಲಸ್ಟರ್‌ಗಳಾಗುತ್ತದೆ, ಅಂದರೆ ಕೆಲವೇ ಪರಮಾಣುಗಳ ಗುಂಪುಗಳಾಗುತ್ತದೆ. ಅವುಗಳ ಋಣ ಅಯಾನುಗಳ ಮೇಲೆ ಆಕ್ಸಿಜನ್ ಹರಿಸಿದರೆ ಬಹುಪಾಲು ಕರಗಿಹೋಗುತ್ತವೆ. ಹದಿಮೂರು ಪರಮಾಣುಗಳದು ಮಾತ್ರ ಗಟ್ಟಿಯಾಗಿ ಉಳಿಯುತ್ತದೆ, ಇಪ್ಪತ್ತಮೂರರದೂ ಹಾಗೆಯೇ. ಇದನ್ನು 1989ರಲ್ಲಿ ವರದಿ ಮಾಡಿದ್ದು ಅಮೆರಿಕದ ಪೆನ್ ಸ್ಟೇಟ್‌ನ ಕ್ಯಾಸಲ್‌ಮನ್ ತಂಡ.

ಲೆಕ್ಕ ಸುಲಭ. ಹದಿಮೂರು ಪರಮಾಣುಗಳಿಗೆ ತಲಾ 3ರಂತೆ 39 ವೇಲೆನ್ಸಿ (ಹೊರಕವಚದ) ಎಲೆಕ್ಟ್ರಾನ್, ಋಣ ಅಯಾನಿನ ಹೆಚ್ಚುವರಿ ಒಂದು ಸೇರಿ 40. ಕ್ಲಸ್ಟರನ್ನು ಒಂದೇ ದೊಡ್ಡ ಪರಮಾಣುವೆಂದು ಭಾವಿಸುವ ಜೆಲಿಯಂ ಮಾದರಿಯಲ್ಲಿ 8, 20, 40ಕ್ಕೆ ಕವಚ ತುಂಬುತ್ತದೆ, ಕವಚ ತುಂಬಿದ್ದು ಸುಲಭವಾಗಿ ವರ್ತಿಸುವುದಿಲ್ಲ. ಇಪ್ಪತ್ತಮೂರಕ್ಕೆ ಸಿಗುವುದು 70, ಅದೂ ತುಂಬಿದ ಕವಚವೇ.

ಪಠ್ಯಗಳು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲುತ್ತವೆ. ಅದು ಅರ್ಧ ಸತ್ಯ. ಆಕ್ಸಿಜನ್ ಅಣುವಿನ ನೆಲಮಟ್ಟದಲ್ಲಿ (ಅತಿ ಕಡಿಮೆ ಶಕ್ತಿಯ ಸ್ಥಿತಿಯಲ್ಲಿ) ಜೋಡಿಯಾಗದ ಎರಡು ಎಲೆಕ್ಟ್ರಾನ್‌ಗಳಿವೆ. ಎಲ್ಲವೂ ಜೋಡಿಯಾಗಿರುವ ಕ್ಲಸ್ಟರ್ ಜೊತೆ ಅದು ವರ್ತಿಸಲು ಸ್ಪಿನ್ (ಎಲೆಕ್ಟ್ರಾನ್‌ನ ಒಂದು ಕಾಂತೀಯ ಗುಣ) ಬದಲಾಗಬೇಕು, ಅದು ನಿಧಾನ. ಬೆಸ ಸಂಖ್ಯೆಯ ಪರಮಾಣುಗಳ ಋಣ ಅಯಾನುಗಳು ಸರಿಸಂಖ್ಯೆಯವಕ್ಕಿಂತ ತಡೆಯುವುದು ಇದಕ್ಕೇ. ಎಲೆಕ್ಟ್ರಾನ್‌ಗಳೆಲ್ಲ ಜೋಡಿಯಾಗಿರುವ ಉದ್ರೇಕಿತ ಸಿಂಗ್ಲೆಟ್ ಆಕ್ಸಿಜನ್ ಕೊಟ್ಟಾಗ 13 ಕೂಡ ವರ್ತಿಸುತ್ತದೆ ಎಂದು 2008ರಲ್ಲಿ ಜರ್ಮನಿಯ ತಂಡವೊಂದು ತೋರಿಸಿತು.

ಕ್ಲಸ್ಟರ್‌ಗಳನ್ನು ದ್ರವ್ಯರಾಶಿಯ ಪ್ರಕಾರ ಬೇರ್ಪಡಿಸಿ ತೋರಿಸುವ ಸ್ಪೆಕ್ಟ್ರಮ್‌ನಲ್ಲಿ ಪೀಕಿನ ಎತ್ತರ ನೋಡಿಯೇ ತೀರ್ಮಾನಕ್ಕೆ ಬರಬಾರದು. 17 ಪರಮಾಣುಗಳ ಕ್ಲಸ್ಟರ್ ಒಂದು ಆಕ್ಸಿಜನ್ ಅಣು ಹಿಡಿದು, ಎರಡು ಅಲ್ಯೂಮಿನಿಯಂ ಒಂದು ಆಕ್ಸಿಜನ್‌ನ ಅಣುಗಳನ್ನು ಎರಡು ಕಳಚಿದರೆ ಮಿಗುವುದು 13. ಆಕ್ಸಿಜನ್ ಹೆಚ್ಚಿಸಿದಂತೆ 13ರ ಪೀಕ್ ಆರಂಭಕ್ಕಿಂತ ಏರಿದರೆ, ಅದರಲ್ಲಿ ಉಳಿದದ್ದರ ಜೊತೆ ಹೀಗೆ ಹುಟ್ಟಿದ್ದೂ ಸೇರಿದೆ. ಹಾಗಾಗಿ ಆಕ್ಸಿಜನ್ ಹರಿವನ್ನು ಸೊನ್ನೆಯಿಂದ ಹಂತಹಂತವಾಗಿ ಏರಿಸಿ, ಪ್ರತಿ ಹಂತದಲ್ಲೂ ಪೂರ್ತಿ ಸ್ಪೆಕ್ಟ್ರಮ್ ಉಳಿಸಿಕೊಳ್ಳಿ.

ಸರಳು ತಿರುಗುತ್ತಾ ಮುಂದೆ ಸರಿಯುತ್ತಲೇ ಇರಬೇಕು, ಇಲ್ಲವಾದರೆ ಲೇಸರ್ ಒಂದೇ ಕಡೆ ಗುಳಿ ಕೊರೆದು ಸಿಗ್ನಲ್ ಕುಸಿಯುತ್ತದೆ. ಹೊಸ ಸರಳಿನ ಮೇಲ್ಪದರ ಆಕ್ಸೈಡ್. ಅದು ಸುಟ್ಟುಹೋಗುವವರೆಗಿನ ದತ್ತಾಂಶ ಬಿಟ್ಟುಬಿಡಿ. ಅಲ್ಯೂಮಿನಿಯಂಗೆ ಸ್ವಾಭಾವಿಕವಾಗಿ ಒಂದೇ ಸ್ಥಿರ ಐಸೊಟೋಪ್, ದ್ರವ್ಯರಾಶಿ 27. ಇದು ದೊಡ್ಡ ಅನುಕೂಲ: 13ರ ಪೀಕ್ 351ರಲ್ಲಿ (13 × 27), ಒಂದೇ ಪೀಕ್. 367ರಲ್ಲಿ ಏನಾದರೂ ಕಂಡರೆ ಒಂದು ಆಕ್ಸಿಜನ್ ಅಂಟಿದೆ, 369 ಆದರೆ ನೀರು. ನೀರು ತಡೆಯಲು ಹೀಲಿಯಂ ಕೊಳವೆಯನ್ನು ದ್ರವ ಸಾರಜನಕದ ಟ್ರ್ಯಾಪ್ ಮೂಲಕ ಹಾಯಿಸಿ. 352 ಕಂಡರೆ ಹೈಡ್ರೋಜನ್. ಅಯಾನುಗಳ ಹಾರಾಟದ ಸಮಯದಿಂದ ದ್ರವ್ಯರಾಶಿ ಅಳೆಯುವಾಗ, 1000 ಎಲೆಕ್ಟ್ರಾನ್ ವೋಲ್ಟ್ ಶಕ್ತಿಯಲ್ಲಿ 1 ಮೀಟರ್ ಹಾರಲು 351ಕ್ಕೆ ಸುಮಾರು 42.6 ಮೈಕ್ರೋಸೆಕೆಂಡ್ ಬೇಕು, 352 ಅದಕ್ಕಿಂತ ಕೇವಲ 60 ನ್ಯಾನೋಸೆಕೆಂಡ್ ಹಿಂದೆ. ಪೀಕ್ ಅಗಲ ಅದಕ್ಕಿಂತ ಹೆಚ್ಚಿದ್ದರೆ ಹೈಡ್ರೈಡ್ (ಹೈಡ್ರೋಜನ್ ಅಂಟಿದ ಕ್ಲಸ್ಟರ್) ಬೆರೆತಿರುವುದು ಗೊತ್ತೇ ಆಗುವುದಿಲ್ಲ.